ಸೂರ್ಯನಿಗೆ ಪದ್ಯವಿಲ್ಲ

ಈಗಿನ ಹುಡುಗರ ಕರ್ಣನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಬ್ಬೊಬ್ಬನೂ ಒಂದೊಂದು ಹೊಸ ದೂರು ಹೊತ್ತುಕೊಂಡು ಬಂದು ಕೂರುತ್ತಾನೆ. ಒಬ್ಬನ ಕರ್ಣನಿಗೆ ಜಾತಿಯ ಸಿಟ್ಟು, ಇನ್ನೊಬ್ಬನ ಕರ್ಣನಿಗೆ ದ್ರೌಪದಿಯ ಮೇಲೆ ಒಳಗೊಳಗೇ ಆಸೆ, ಮತ್ತೊಬ್ಬ ಮೊಬೈಲಿನಲ್ಲಿ ನೋಡಿದ್ದನ್ನು ಬಾಯಿಪಾಠ ಒಪ್ಪಿಸುತ್ತಾನೆ. ಪುಸ್ತಕದ ಅಂಗಡಿಗೆ ಹೋದರೆ ಅಲ್ಲಿಯೂ ಇದೇ ಕಥೆ. ದ್ರೌಪದಿಯ ಕಡೆಯಿಂದ ಭಾರತ, ಗಾಂಧಾರಿಯ ಕಡೆಯಿಂದ ಭಾರತ, ಶಕುನಿಯ ಕಡೆಯಿಂದ ಭಾರತ. ನಾಳೆ ಕರ್ಣನ ರಥದ ಚಕ್ರವೇ ಮಣ್ಣಿನೊಳಗಿಂದ ತನ್ನ ಕಥೆ ಹೇಳಲು ಹೊರಟರೂ ನನಗೆ ಆಶ್ಚರ್ಯವಿಲ್ಲ.

ನಾನು ದೂಜ. ಹದಿಮೂರನೆಯ ವಯಸ್ಸಿಗೆ ಕಾರ್ಕಳದ ಕಡೆಯಿಂದ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತವನು. ಹೋಟೆಲಿನ ಮ್ಯಾನೇಜರಾಗಿ ನಿವೃತ್ತನಾದೆ. ಆದರೆ ನಮ್ಮ ಊರಿನವರಲ್ಲಿ ಯಾರನ್ನು ಕೇಳಿದರೂ ದೂಜ ಭಾಗವತರು ಎಂದೇ ಹೇಳುತ್ತಾರೆ. ಮೂವತ್ತು ವರ್ಷಗಳಿಂದ ತಾಳಮದ್ದಳೆಯಲ್ಲಿ ಪದ್ಯ ಹೇಳುತ್ತಿದ್ದೇನೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ನಡುವೆ ಭಾಗವತ, ಪಕ್ಕದಲ್ಲಿ ಮದ್ದಳೆಯವನು. ಎರಡು ಬದಿಯಲ್ಲಿ ಎದುರುಬದುರಾಗಿ ಅರ್ಥಧಾರಿಗಳು. ಭಾಗವತ ಹಾಡಿದ ಪದ್ಯಕ್ಕೆ ಅವರು ಪಾತ್ರವಾಗಿ ಅಲ್ಲೇ ಹೊಳೆದ ಮಾತಿನಲ್ಲಿ ಅರ್ಥ ಹೇಳುತ್ತಾರೆ, ವಾದ ಹೂಡುತ್ತಾರೆ. ಮಾತು ಎತ್ತ ಬೇಕಾದರೂ ಹೋಗಲಿ, ಮುಂದಿನ ಪದ್ಯ ಮಾತ್ರ ಬದಲಾಗುವುದಿಲ್ಲ. ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು. ಉತ್ತರ ತೋಚದೆ ಯಾರಾದರೂ ಸುಮ್ಮನೆ ಕೂತುಬಿಟ್ಟರೆ ಭಾಗವತ ತಾಳ ತಟ್ಟಿ ಮುಂದಿನ ಪದ್ಯ ಎತ್ತುತ್ತಾನೆ, ಅವರ ಮಾನ ಉಳಿಸುತ್ತಾನೆ. ಅದು ನನ್ನ ಕೆಲಸ. ಭಾಗವತನಿಗೆ ಪಾತ್ರವಿಲ್ಲ.

ಮೈ ಉರಿಸುವ ಕರ್ಣರಲ್ಲಿ ಮೊದಲನೆಯವನು ನನ್ನ ಮಗ ಸುಹಾಸ. ಎಲ್ಲರಿಗಿಂತ ಚೆನ್ನಾಗಿ ಹೇಳುವವನೂ ಅವನೇ, ಅದನ್ನು ಒಪ್ಪಿಕೊಳ್ಳಬೇಕು. ಪರೇಲಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಹೆಂಡತಿ ಯಕ್ಷಿತಾ, ಆರು ತಿಂಗಳ ಮಗಳು ಪ್ರಣೀತಾ. ಮುಲುಂಡಿನಲ್ಲಿ ಮನೆ. ನಾನು, ನನ್ನ ಹೆಂಡತಿ ಮೋಹಿನಿ ಮಲಾಡಿನಲ್ಲಿದ್ದೇವೆ.

ಯಕ್ಷಿತಾಳ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಒಂದನೇ ತಾರೀಖಿನಿಂದ ಆಫೀಸಿಗೆ ಹೋಗಬೇಕು. ನಾವು ಮುಲುಂಡಿಗೆ ಹೋಗಿದ್ದಾಗ, ಮಗುವನ್ನು ಯಾರು ನೋಡಿಕೊಳ್ಳುವುದು ಎಂಬ ಮಾತು ಬಂತು. ಮೋಹಿನಿ ಹಿಂದೆಮುಂದೆ ನೋಡಲಿಲ್ಲ.

"ನಾನು ಬರ್ತೇನೆ. ಇಲ್ಲೇ ಇರ್ತೇನೆ. ಶನಿವಾರ, ಆದಿತ್ಯವಾರ ಮಲಾಡಿಗೆ ಹೋದ್ರಾಯ್ತು."

ಸುಹಾಸ ಮಗುವಿನ ಕಾಲುಚೀಲ ಸರಿಮಾಡುತ್ತಿದ್ದ. ತಲೆ ಎತ್ತಲಿಲ್ಲ. "ಬೇಡ ಅಮ್ಮ. ನಿಂಗೆ ಮಕ್ಕಳನ್ನು ನೋಡ್ಲಿಕ್ಕೆ ಆಗುದಿಲ್ಲ ಅಲ್ವಾ? ಕೆಳಗೆ ಡೇ-ಕೇರ್ ಉಂಟು. ಹೆಸರು ಕೊಟ್ಟಾಗಿದೆ."

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಮೋಹಿನಿ ಒಮ್ಮೆ ನನ್ನ ಮುಖ ನೋಡಿದಳು. ನಾನು ಚಹಾಕ್ಕೆ ಸಕ್ಕರೆ ಹಾಕಿ ಕದಡುತ್ತಿದ್ದೆ. ಆಗಲೇ ಹಾಕಿಯಾಗಿತ್ತು, ಮತ್ತೊಂದು ಚಮಚ ಹಾಕಿದೆ.

ಯಾಕೆಂದರೆ ಆ ಮಾತು ಸುಹಾಸನದ್ದಲ್ಲ, ನನ್ನದು.

ಅವನು ಐದು ವರ್ಷದವನಿದ್ದಾಗ ನಾವು ಪರೇಲಿನ ಚಾಳಿನಲ್ಲಿ ಒಂದೇ ಕೋಣೆಯ ಖೋಲಿಯಲ್ಲಿದ್ದೆವು. ಮೋಹಿನಿ ಹೊಲಿಗೆಯ ಕಾರ್ಖಾನೆಗೆ ಹೋಗುತ್ತಿದ್ದಳು. ನನ್ನದು ಹೋಟೆಲಿನಲ್ಲಿ ಬೆಳಗಿನ ಪಾಳಿ, ಮಧ್ಯಾಹ್ನದ ಮೇಲೆ ಮಗುವನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಅದೇ ಹೊತ್ತಿಗೆ ನನಗೆ ಭಾಗವತಿಕೆಯ ಹುಚ್ಚು ಹಿಡಿದದ್ದು. ಮಧ್ಯಾಹ್ನ ಅಭ್ಯಾಸ, ಆದಿತ್ಯವಾರ ತಾಳಮದ್ದಳೆಯ ಕೂಟ. ಆಗಷ್ಟೇ ನಾಲ್ಕು ಕಡೆಯಿಂದ ಕರೆ ಬರಲು ಶುರುವಾಗಿತ್ತು. ಹುಡುಗ ಕಾಲಿಗೆ ತೊಡರುತ್ತಿದ್ದ. ಚಾಳಿನಲ್ಲಿ ಮಗು ಕೆಟ್ಟುಹೋಗುತ್ತದೆ, ಊರಿನಲ್ಲಿ ನಿನ್ನ ಅಮ್ಮನ ಹತ್ತಿರ ಬಿಡೋಣ ಎಂದೆ. ಮೋಹಿನಿ ಅತ್ತಳು, ಕೆಲಸ ಬಿಡುತ್ತೇನೆ ಎಂದಳು, ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಳು. ನಾನು ಜಗ್ಗಲಿಲ್ಲ. ನಾನೇ ಕರೆದುಕೊಂಡು ಹೋಗಿ, ಅವನು ಬೆಳಿಗ್ಗೆ ಏಳುವ ಮೊದಲೇ ಹೊರಟು ಬಂದೆ.

ಮುಂದಿನ ಮೇ ತಿಂಗಳಿನಲ್ಲಿ ಊರಿಗೆ ಹೋದಾಗ ಅವನು ನನ್ನ ತೊಡೆಯ ಮೇಲೆ ಕೂತು, ನನ್ನನ್ನು ಯಾಕೆ ಬಿಟ್ಟು ಹೋದದ್ದು ಎಂದು ಕೇಳಿದ. ಅಮ್ಮನಿಗೆ ನಿನ್ನನ್ನು ನೋಡಿಕೊಳ್ಳಲು ಆಗುವುದಿಲ್ಲವಂತೆ ಮಗಾ ಎಂದೆ. ಆ ಕ್ಷಣಕ್ಕೆ ತಪ್ಪಿಸಿಕೊಳ್ಳಲು ಆಡಿದ ಮಾತು. ಒಮ್ಮೆ ಹೇಳಿದ ಮೇಲೆ ಪ್ರತಿ ಸಲ ಅದನ್ನೇ ಹೇಳಬೇಕಾಯಿತು. ಕಾರ್ಖಾನೆಯಲ್ಲಿ ರಜೆ ಸಿಗದೆ ಮೋಹಿನಿ ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ನಾನು ವರ್ಷಕ್ಕೆ ಎರಡು ಸಲ ಆಟದ ಕಾರು, ಹಲ್ವ ಹಿಡಿದುಕೊಂಡು ಹೋಗುತ್ತಿದ್ದೆ. ಒಳ್ಳೆಯ ಅಪ್ಪ ಎಂಬ ಹೆಸರು ನನಗೆ ಬಂತು.

ಪಿಯುಸಿ ಮುಗಿಸಿ ಅವನು ಮುಂಬಯಿಗೆ ಬಂದ. ಅಮ್ಮ ಎಂದು ಕರೆಯುತ್ತಾನೆ, ಹಬ್ಬಕ್ಕೆ ಕಾಲು ಮುಟ್ಟುತ್ತಾನೆ, ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ. ಆದರೆ ಅವಳ ಪಕ್ಕದಲ್ಲಿ ಕೂತು ಐದು ನಿಮಿಷ ಹರಟಿದ್ದನ್ನು ನಾನು ನೋಡಿಲ್ಲ. ನನ್ನ ಸುಳ್ಳು ಮೋಹಿನಿಗೆ ಗೊತ್ತಿತ್ತು, ಅವಳ ಅಮ್ಮನೇ ತಿಳಿಸಿದ್ದರು. ಅವಳು ಮಗನಿಗೆ ಒಂದು ದಿನವೂ ಬಾಯಿ ಬಿಡಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ. ಕೇಳಿದರೆ ನನ್ನ ಬುಡಕ್ಕೇ ಬರುತ್ತದಲ್ಲ.

ಡೇ-ಕೇರಿನ ಮಾತು ಕೇಳಿ ಬಂದ ಮೇಲೆ ಮೋಹಿನಿ ಸರಿಯಾಗಿ ಊಟ ಮಾಡಲಿಲ್ಲ. ಒಂದನೇ ತಾರೀಖಿಗೆ ಹತ್ತೇ ದಿನ ಉಳಿದಿತ್ತು. ಮಗು ಒಮ್ಮೆ ಅಲ್ಲಿಗೆ ಹೋಯಿತೆಂದರೆ, ಮಕ್ಕಳನ್ನು ಸಾಕಲಾರದ ಹೆಂಗಸು ಎಂಬ ಹಣೆಪಟ್ಟಿ ಅವಳಿಗೆ ಕಾಯಂ ಆದ ಹಾಗೆ. ಒಂದು ಮಾತಿನಲ್ಲಿ ನಾನು ಅದನ್ನು ತಪ್ಪಿಸಬಹುದಿತ್ತು. ದಿನಾ ಫೋನು ಕೈಗೆತ್ತಿಕೊಂಡು ಕೆಳಗಿಡುತ್ತಿದ್ದೆ.

ಆ ಆದಿತ್ಯವಾರ ಪರೇಲಿನಲ್ಲಿ ನಮ್ಮ ಸಂಘದ ಹಾಲಿನಲ್ಲಿ ತಾಳಮದ್ದಳೆ ಇತ್ತು. ಮೂರು ಗಂಟೆಗೆ ಶುರು ಮಾಡಿ ಆರಕ್ಕೆ ಮುಗಿಸಬೇಕು, ಆಮೇಲೆ ಆ ಜಾಗ ಯೋಗದ ಕ್ಲಾಸಿನವರಿಗೆ. ಯುದ್ಧದ ಮೊದಲು ಕುಂತಿ ನದಿಯ ದಡಕ್ಕೆ ಹೋಗಿ, ನೀನು ನನ್ನ ಮಗ ಎಂದು ಕರ್ಣನಿಗೆ ಹೇಳುವ ಪ್ರಸಂಗ. ಕರ್ಣನಿಗೆ ಸುಹಾಸ. ಕುಂತಿಗೆ ಸದಾನಂದ. ಈ ಸದಾನಂದ ಡೊಂಬಿವಲಿಯಲ್ಲಿ ಹೋಟೆಲ್ ಇಟ್ಟವನು. ದಪ್ಪ ಮೀಸೆ ಬಿಟ್ಟುಕೊಂಡೇ ಇಪ್ಪತ್ತು ವರ್ಷಗಳಿಂದ ಕುಂತಿಯಾಗಿ ಕೂತು ಹೆಂಗಸರನ್ನು ಅಳಿಸುತ್ತಾನೆ. ಎರಡೂವರೆಗೆ ಅವನ ಫೋನು ಬಂತು.

"ಭಾಗವತರೇ, ಮೆಗಾ ಬ್ಲಾಕ್ ಮಾರಾಯ್ರೆ. ಥಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಗಂಟೆಯಿಂದ ನಿಂತಿದ್ದೇನೆ. ಬರ್ಲಿಕ್ಕೆ ಆಗ್ಲಿಕ್ಕಿಲ್ಲ."

ಹಳಿ ರಿಪೇರಿಗೆಂದು ಆದಿತ್ಯವಾರ ಲೋಕಲ್ ನಿಲ್ಲಿಸುತ್ತಾರೆ ಎನ್ನುವುದು ಈ ಊರಿನ ನಾಯಿಗೂ ಗೊತ್ತು. ಸದಾನಂದನಿಗೆ ಮಾತ್ರ ಗೊತ್ತಿರಲಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಮದ್ದಳೆಯ ಸೀನ ಹೇಳಿದ:

"ಮೋಹಿನಕ್ಕ ಕೂತ್ಕೊಳ್ಳಲಿ. ನವರಾತ್ರಿಗೆ ಹೆಂಗಸರ ಕೂಟದಲ್ಲಿ ಅರ್ಥ ಹೇಳಿದ್ದಾರಲ್ಲ. ಪದ್ಯ ಎಲ್ಲ ಅವರಿಗೆ ನಮಗಿಂತ ಚೆಂದ ಬರ್ತದೆ."

"ಬೇಡ" ಎಂದೆ.

"ಯಾಕೆ?"

ಕಾರಣವಿತ್ತು, ಆದರೆ ಹೇಳುವಂಥದ್ದಲ್ಲ. ನಾನು ತಡವರಿಸುವಷ್ಟರಲ್ಲಿ ಮೋಹಿನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಂತಿಯ ಜಾಗದಲ್ಲಿ ಕೂತಾಗಿತ್ತು. ಎದುರಿಗೆ ಶಾಲು ಹೊದೆದು ಕೂತಿದ್ದ ಸುಹಾಸ ಅಮ್ಮನನ್ನು ಒಮ್ಮೆ ನೋಡಿ, "ಚಲೇಗಾ, ನಡೀತದೆ" ಎಂದ. ಯಕ್ಷಿತಾ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತಿದ್ದಳು.

ಸದಾನಂದನ ಕುಂತಿ ಅಳುತ್ತಲೇ ಬರುತ್ತಾಳೆ. ಮೋಹಿನಿಯ ಕುಂತಿ ಅಳಲಿಲ್ಲ. ಮನೆಗೆ ಬಂದ ನೆಂಟರ ಹತ್ತಿರ ಮಾತಾಡುವ ಹಾಗೆ ಮೆಲ್ಲನೆ, ನೇರವಾಗಿ, "ನೀನು ನಾನು ಹೆತ್ತ ಮಗ. ಇಷ್ಟು ತಡವಾಗಿ ಹೇಳಲು ಬಂದದ್ದು ನನ್ನ ತಪ್ಪು" ಎಂದಳು. ನಾನು ಮುಂದಿನ ಪದ್ಯ ಹಾಡಿದೆ. ಕರ್ಣ ಅರ್ಥ ಶುರುಮಾಡಿದ.

"ತಾಯಿ ಎನ್ನುತ್ತೀರಿ, ಒಪ್ಪಿದೆ. ಒಂದು ಸಣ್ಣ ಸಂಶಯ. ಪೆಟ್ಟಿಗೆಯನ್ನು ಹೊಳೆಗೆ ಬಿಡುವಾಗ ಮಗು ಎಚ್ಚರವಿತ್ತೋ, ನಿದ್ದೆಯಲ್ಲಿತ್ತೋ?"

ಇದು ಯಾವ ಪದ್ಯದಲ್ಲೂ ಇಲ್ಲ.

"ನಿದ್ದೆಯಲ್ಲಿತ್ತು" ಎಂದಳು ಕುಂತಿ.

"ಎದ್ದ ಮೇಲೆ ಯಾರನ್ನು ಹುಡುಕಿರಬಹುದು?"

"ನನ್ನನ್ನು."

"ನೀವು ಬರಲಿಲ್ಲ."

"ಬರಲಿಲ್ಲ."

ಹಾಲಿನಲ್ಲಿ ಜನ ಇದನ್ನು ಒಳ್ಳೆಯ ಅರ್ಥಗಾರಿಕೆ ಎಂದುಕೊಂಡು ಮುಂದಕ್ಕೆ ಬಾಗಿ ಕೂತಿದ್ದರು.

"ಈ ಮಗುವನ್ನು ಸಾಕುವುದು ನನ್ನಿಂದ ಆಗುವುದಿಲ್ಲ ಎಂದು ನಿಮಗೆ ಅನ್ನಿಸಿತಲ್ಲ," ಕರ್ಣ ಕೇಳಿದ, "ಅದು ಯಾವಾಗ ಅನ್ನಿಸಿದ್ದು? ಹೆರುವ ಮೊದಲೋ, ಹೆತ್ತು ಮುಖ ನೋಡಿದ ಮೇಲೋ?"

ಅದು ತನ್ನ ಮಾತಲ್ಲ ಎಂದು ಮೋಹಿನಿ ಹೇಳಿಬಿಟ್ಟರೆ ಮುಗಿಯಿತು. ಹೇಳಲಿಲ್ಲ. ಚಾಪೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು. ಸೀನ ನನ್ನನ್ನು ನೋಡಿ ಮದ್ದಳೆಯ ಮೇಲೆ ಮೆಲ್ಲಗೆ ಬೆರಳು ಬಡಿದ, ಪದ್ಯ ಎತ್ತಿ ಎನ್ನುವ ಹಾಗೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕರ್ಣ ಮುಂದುವರಿಸಿದ.

"ಹೋಗಲಿ ಬಿಡಿ. ನನಗೆ ತಂದೆಯೂ ಒಬ್ಬನಿದ್ದಾನೆ. ಅವನ ಮೇಲೆ ನನಗೆ ದೂರಿಲ್ಲ. ಕವಚ ಕೊಡಬೇಡ ಎಂದು ಎಚ್ಚರಿಸಲು ಕನಸಿನಲ್ಲಿಯಾದರೂ ಬಂದ. ದಿನಾ ಬೆಳಿಗ್ಗೆ ಬಂದು ಮುಖ ತೋರಿಸಿದ. ಬಿಟ್ಟವಳು ನೀವು ತಾಯೀ. ಬಂದವನು ಅವನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿದ. ಮೋಹಿನಿ ಆಗಲೂ ನನ್ನ ಕಡೆ ನೋಡಲಿಲ್ಲ, ತಲೆ ಇನ್ನಷ್ಟು ತಗ್ಗಿಸಿದಳು. ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ನನಗೆ ಹಿಂದೆ ಎಂದೂ ಆಗಿರಲಿಲ್ಲ.

ಮೂಲ ಭಾರತದಲ್ಲಿ ಈ ಹೊತ್ತಿಗೆ ಸೂರ್ಯ ಆಕಾಶದಿಂದ ಒಂದು ಮಾತು ಹೇಳುತ್ತಾನಂತೆ. ಕುಂತಿ ಹೇಳುವುದು ನಿಜ, ತಾಯಿಯ ಮಾತು ಕೇಳು ಎಂದು. ತನ್ನ ವಿಷಯ ಒಂದಕ್ಷರವೂ ಇಲ್ಲ. ನಾವು ಹಾಡುವ ಪದ್ಯಗಳಲ್ಲಿ ಅಷ್ಟೂ ಇಲ್ಲ, ಸೂರ್ಯನಿಗೆ ಪದ್ಯವೇ ಇಲ್ಲ. ಪದ್ಯವಿಲ್ಲದ ಪಾತ್ರ ಬಾಯಿ ಬಿಡುವುದು ನಮ್ಮಲ್ಲಿ ದೊಡ್ಡ ತಪ್ಪು. ಭಾಗವತನೇ ಅದನ್ನು ಮಾಡಿದರೆ ಹೇಳುವುದೇ ಬೇಡ. ನಾನು ತಾಳ ಕೆಳಗಿಟ್ಟೆ.

"ಕರ್ಣಾ, ನಾನು ಸೂರ್ಯ" ಎಂದೆ.

ಸೀನನ ಕೈ ಮದ್ದಳೆಯ ಮೇಲೆ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ತಮಾಷೆ ಎಂದುಕೊಂಡು ನಕ್ಕರು.

"ನನ್ನನ್ನು ಹೊಗಳಬೇಡ. ಆಗುವುದಿಲ್ಲ ಎಂದವಳು ಇವಳಲ್ಲ. ಯಾರು ಏನೇ ಅನ್ನಲಿ, ಮಗುವನ್ನು ನಾನೇ ಇಟ್ಟುಕೊಳ್ಳುತ್ತೇನೆ ಎಂದು ಇವಳು ಅತ್ತಳು. ಆಗುವುದಿಲ್ಲ ಎಂದವನು ನಾನು. ನನಗೆ ಆಕಾಶದಲ್ಲಿ ರಥ ಓಡಿಸುವುದಿತ್ತು. ಲೋಕವೆಲ್ಲ ತಲೆ ಎತ್ತಿ ನನ್ನನ್ನೇ ನೋಡಬೇಕು ಎನ್ನುವ ಆಸೆಯಿತ್ತು. ಕಾಲಿಗೆ ಮಗು ತೊಡರಿದರೆ ಅದೆಲ್ಲ ಆಗುತ್ತದೆಯೇ? ಪೆಟ್ಟಿಗೆ ಹೊತ್ತುಕೊಂಡು ಹೊಳೆಗೆ ಹೋದವನು ನಾನೇ."

ಇಷ್ಟರವರೆಗೆ ಕೂಟದ ಭಾಷೆ ನನ್ನನ್ನು ಎತ್ತಿ ಹಿಡಿದಿತ್ತು. ಮುಂದೆ ಅದು ಕೈಕೊಟ್ಟಿತು.

"ಮತ್ತೆ ನೀನು ಕೇಳಿದಾಗ ಅಮ್ಮನ ಹೆಸರು ಹೇಳಿದೆ ಮಗಾ. ಪ್ರತಿ ಸಲ ಅವಳ ಹೆಸರೇ ಹೇಳಿದೆ. ಅವಳಿಗೆ ಅದು ಗೊತ್ತುಂಟು."

ಸುಹಾಸ ನನ್ನನ್ನು ನೋಡಲಿಲ್ಲ. ಅವನ ಮುಖದಲ್ಲಿ ಕರ್ಣ ಉಳಿದಿರಲಿಲ್ಲ. ಅಮ್ಮನ ಕಡೆಗೆ ತಿರುಗಿದ.

"ಗೊತ್ತಿತ್ತಾ?"

"ಗೊತ್ತಿತ್ತು" ಎಂದಳು ಮೋಹಿನಿ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಆಗ ನಿನ್ನ ಹತ್ರ ಬರ್ತಿದ್ದದ್ದು ಅವರೊಬ್ಬರೇ. ಅಪ್ಪ ಬರ್ತಾರೆ ಅಂತ ಎರಡು ದಿನ ಮೊದ್ಲೇ ಬೇಲಿಯ ದಣಪೆ ಹತ್ರ ಹೋಗಿ ಕೂತ್ಕೊಳ್ತಿದ್ದಿ ಅಂತೆ, ಅಜ್ಜಿ ಅಂಗಡಿ ಫೋನಿನಲ್ಲಿ ಹೇಳ್ತಿದ್ರು. ಅವರೂ ಸುಳ್ಳ ಅಂತ ಆದ್ರೆ ನಿಂಗೆ ಅಂತ ಯಾರನ್ನು ಉಳಿಸುದು ನಾನು?"

"ದೊಡ್ಡವನಾದ ಮೇಲೆ?"

"ಆಗ ಅಭ್ಯಾಸ ಆಗಿತ್ತು ಮಗಾ." ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಪದ್ಯ ಹೇಳಿ ಭಾಗವತರೇ. ಜನ ಕಾಯ್ತಾ ಇದ್ದಾರೆ."

ಹಾಡಿದೆ. ಸ್ವರ ಮೇಲಕ್ಕೆ ಏರಲೇ ಇಲ್ಲ, ಸೀನ ಹೇಗೋ ಮದ್ದಳೆಯಲ್ಲಿ ಮುಚ್ಚಿಕೊಂಡು ಹೋದ. ತಾಳಮದ್ದಳೆಯಲ್ಲಿ ಅರ್ಥಧಾರಿ ಕೂತಲ್ಲಿಂದ ಏಳುವ ಕ್ರಮವಿಲ್ಲ. ಸುಹಾಸ ಎದ್ದ. ನನ್ನ ಮುಂದಿನಿಂದಲೇ ದಾಟಿ ಹೋಗಿ ಅಮ್ಮನ ಪಕ್ಕದಲ್ಲಿ ಕೂತ. ಉಳಿದ ಅರ್ಥವನ್ನೆಲ್ಲ ಅಲ್ಲಿಂದಲೇ ಹೇಳಿದ. ಪದ್ಯ ಬದಲಾಗಲಿಲ್ಲ. ಕರ್ಣ ಪಾಂಡವರ ಕಡೆಗೆ ಹೋಗಲಿಲ್ಲ, ಅರ್ಜುನನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಲ್ಲುವುದಿಲ್ಲ ಎಂದು ಮಾತು ಕೊಟ್ಟ, ನಿನಗೆ ಐದು ಮಕ್ಕಳು ಉಳಿಯುತ್ತಾರೆ ಎಂದ. ಹಾಗೆ ಹೇಳುವಾಗ ಅವನ ಕೈ ಅಮ್ಮನ ಮೊಣಕಾಲಿನ ಮೇಲಿತ್ತು.

ಮುಗಿದ ಮೇಲೆ ಸಂಘದ ಕಾರ್ಯದರ್ಶಿ ಓಡಿಬಂದು ನನ್ನ ಕೈ ಕುಲುಕಿದರು. "ಎಂಥ ಕಲ್ಪನೆ ಭಾಗವತರೇ! ಸೂರ್ಯನ ಕಡೆಯಿಂದ ಯೋಚನೆ ಮಾಡಿದವರೇ ಇಲ್ಲ." ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್ಯಾಪಿನಲ್ಲಿ ಹಾಕಿದ್ದರು. ರಾತ್ರಿಯೊಳಗೆ ಡೊಂಬಿವಲಿಯ ಸದಾನಂದ ಚಪ್ಪಾಳೆಯ ಚಿತ್ರ ಹತ್ತು ಸಲ ಕಳಿಸಿದ. ಹೊಸ ಅರ್ಥ ಎಂದರೆ ಉರಿದುಬೀಳುವ ನನಗೆ ಅದನ್ನು ತೆರೆದು ನೋಡುವ ಧೈರ್ಯ ಬರಲಿಲ್ಲ.

ಸುಹಾಸ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಮುಲುಂಡಿಗೆ ಹೊರಟ. ನನ್ನನ್ನು ಬಾ ಎನ್ನಲಿಲ್ಲ. ಮೋಹಿನಿ ಕಿಟಕಿಯ ಗಾಜು ಇಳಿಸಿ, "ಫ್ರಿಜ್ಜಿನಲ್ಲಿ ಸಾಂಬಾರ್ ಉಂಟು, ಬಿಸಿ ಮಾಡಿ ಉಣ್ಣಿ" ಎಂದಳು. ನಾನು ದಾದರಿಗೆ ನಡೆದು ಬೊರಿವಲಿ ಲೋಕಲ್ ಹಿಡಿದೆ.

ಸಾಂಬಾರ್ ಎರಡು ದಿನಕ್ಕೆ ಮುಗಿಯಿತು. ಆಮೇಲೆ ನಾನೇ ಗಂಜಿ ಬೇಯಿಸಿಕೊಂಡೆ. ಮೋಹಿನಿ ದಿನಾ ಫೋನು ಮಾಡಿ ಮಾತ್ರೆ ತೆಗೆದುಕೊಂಡಿರಾ, ಗ್ಯಾಸ್ ಬಂದ್ ಮಾಡಿದಿರಾ ಎಂದು ಕೇಳುತ್ತಿದ್ದಳು. ಹಿಂದೆ ಮಗುವಿನ ಕೇಕೆ ಕೇಳುತ್ತಿತ್ತು. ಒಂದನೇ ತಾರೀಖು ದಾಟಿತು. ಡೇ-ಕೇರಿನಿಂದ ಹೆಸರು ತೆಗೆಸಿದ್ದೇವೆ, ಅತ್ತೆಯ ನಾಲ್ಕು ಸೀರೆ, ಕನ್ನಡಕ ತಂದುಕೊಡಿ ಎಂದು ಯಕ್ಷಿತಾ ಮೆಸೇಜು ಕಳಿಸಿದಳು. ಸುಹಾಸನದು ಒಂದು ಮಾತಿಲ್ಲ. ಅವನು ಸಿಟ್ಟು ಮಾಡಿಕೊಂಡದ್ದು ನ್ಯಾಯ ಎಂದು ನನಗೆ ನಾನೇ ಹೇಳಿಕೊಂಡೆ, ಆದರೂ ಮನೆಯಲ್ಲಿ ಒಬ್ಬನೇ ಕೂತು ಎರಡು ಸಲ ಅತ್ತೆ.

ಶನಿವಾರ ಬೆಳಿಗ್ಗೆ ಚೀಲ ಹಿಡಿದುಕೊಂಡು ಮುಲುಂಡಿಗೆ ಹೋದೆ. ಬೆಲ್ ಒತ್ತಿದೆ. ಬಾಗಿಲು ತೆರೆದವನು ಸುಹಾಸ. ಅರ್ಧ ಬಾಗಿಲಿಗೆ ಅಡ್ಡ ನಿಂತ.

"ಒಂದು ಕೇಳ್ಲಿಕ್ಕುಂಟು" ಎಂದ. "ಅಜ್ಜಿ ಮನೆಯಿಂದ ನೀವು ಹೊರಟ ದಿನ. ಬಸ್ಸು ಎಷ್ಟು ಗಂಟೆಗೆ ಇತ್ತು?"

"ಆರಕ್ಕೆ" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಬಂದದ್ದು ಎಂಟೂವರೆಗೆ."

"ನಾನು ಏಳಕ್ಕೆ ಎದ್ದಿದ್ದೆ. ಬಸ್ಸು ಹೋಗಿ ಆಯ್ತು ಅಂತ ಅಜ್ಜಿ ಹೇಳಿದ್ರು."

"ಹೋಗಿರ್ಲಿಲ್ಲ. ನಾನು ಬಸ್ಸು ನಿಲ್ಲುವಲ್ಲೇ ಗೇರು ಮರದ ಕೆಳಗೆ ಕೂತಿದ್ದೆ. ನೀನು ಕೂಗುದು ಅಲ್ಲಿಗೆ ಕೇಳ್ತಾ ಇತ್ತು."

ಅವನ ಕಣ್ಣು ಕೆಂಪಾಗಿತ್ತು. ಲಿಫ್ಟು ಬಂದು ನಿಂತು, ಯಾರೂ ಇಳಿಯದೆ ಮತ್ತೆ ಕೆಳಗೆ ಹೋಯಿತು. ಆಮೇಲೆ ಅವನು ಕೈ ಚಾಚಿ ನನ್ನ ಕೈಯಿಂದ ಚೀಲ ತೆಗೆದುಕೊಂಡ.

"ಚಪ್ಪಲಿ ಒಳಗಿಡಿ" ಎಂದ. "ಹೊರಗಿಟ್ರೆ ಸೊಸೈಟಿಯವರು ಗಲಾಟೆ ಮಾಡ್ತಾರೆ."